ಬಸ್ ಮುಷ್ಕರದ ದಿನಗಳಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವುದು: ಬೆಂಗಳೂರಿನ ದಾರಿಗಳು, ದೂರಗಳು, ತೊಡಕುಗಳು

ಜಯನಗರದ ಗುಮಾಸ್ತ
8 ಏಪ್ರಿಲ್ 2021

ಆರನೆಯ ವೇತನ ಆಯೋಗದ ಶಿಫಾರಸಿನಂತೆ ಸಂಬಳ ನೀಡಬೇಕೆಂದು ಒತ್ತಾಯಿಸಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ನಿನ್ನೆಯಿಂದ ಮುಷ್ಕರ ಹೂಡಿದ್ದಾರೆ. ಬೆಂಗಳೂರಿನ ಸಾವಿರಾರು ನಗರ ಸಾರಿಗೆ ಬಸ್ಸುಗಳಲ್ಲಿ ಬಹುಪಾಲು ಡಿಪೋದಲ್ಲೇ ನಿಂತಿವೆ. ಖಾಸಗಿ ಬಸ್ಸು ಮತ್ತು ಮ್ಯಾಕ್ಸಿ ಕ್ಯಾಬ್‌ಗಳಿಗೆ ಸರ್ಕಾರ ಅವಕಾಶ ಕೊಟ್ಟಿದೆಯಾದರೂ ಅವು ಮುಖ್ಯರಸ್ತೆಗಳನ್ನು ಬಿಟ್ಟು ಬಡಾವಣೆಗಳ ಒಳಗೆ ಬರುವುದಿಲ್ಲ. ಮೆಟ್ರೊ ಓಡುತ್ತಿದೆ, ಆದರೆ ನಾಗಸಂದ್ರದಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಒಂದು, ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆಯವರೆಗೆ ಇನ್ನೊಂದು, ಹೀಗೆ ಎರಡೇ ಮಾರ್ಗಗಳಿರುವಾಗ ಮನೆಯೂ ಕಚೇರಿಯೂ ಅವುಗಳ ಹತ್ತಿರವೇ ಇರುವ ಅದೃಷ್ಟ ಎಲ್ಲರಿಗೂ ಇಲ್ಲ.

ನಾನು ಜಯನಗರ ನಾಲ್ಕನೆಯ ಬ್ಲಾಕಿನಿಂದ ರಿಚ್ಮಂಡ್ ಟೌನಿನ ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೇನೆ. ಮುಷ್ಕರಕ್ಕೆ ಮೊದಲೂ ಆಗಾಗ ಹೋಗುತ್ತಿದ್ದೆ, ಆದ್ದರಿಂದ ದಾರಿ ಪರಿಚಿತ. ಅಶೋಕ ಸ್ತಂಭದವರೆಗೆ ಬಡಾವಣೆಯ ಅಡ್ಡರಸ್ತೆಗಳಲ್ಲೇ ಬಂದು, ಅಲ್ಲಿಂದ ಸಿದ್ದಾಪುರದ ಕಡೆಗೆ ತಿರುಗಿ, ಲಾಲ್‌ಬಾಗಿನ ಗೋಡೆಯ ಪಕ್ಕದಲ್ಲಿ ಸ್ವಲ್ಪ ದೂರ ಸಾಗಿ, ವಿಲ್ಸನ್ ಗಾರ್ಡನ್ನಿನ ಒಳರಸ್ತೆಗಳನ್ನು ಹಿಡಿದರೆ ಲ್ಯಾಂಗ್‌ಫರ್ಡ್ ಟೌನಿನವರೆಗೆ ದೊಡ್ಡ ರಸ್ತೆಯ ಸಹವಾಸವೇ ಹೆಚ್ಚಾಗಿ ಬೇಕಾಗುವುದಿಲ್ಲ. ಅಪಾಯವೆನ್ನಿಸುವುದು ಹೊಸೂರು ರಸ್ತೆಯನ್ನು ದಾಟುವ ಜಾಗ ಮಾತ್ರ. ಅಲ್ಲಿ ನಾನು ಸೈಕಲ್ಲಿನಿಂದ ಇಳಿದು, ಪಾದಚಾರಿಗಳ ಜೊತೆಗೆ ತಳ್ಳಿಕೊಂಡು ದಾಟುತ್ತೇನೆ. ಎರಡು ನಿಮಿಷ ಹೆಚ್ಚಾಗಬಹುದು, ಅಷ್ಟೇ.

ಹೊಸದಾಗಿ ತುಳಿಯುವವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದು: ಬಸ್ಸಿನ ದಾರಿಯೇ ಸೈಕಲ್ಲಿನ ದಾರಿಯಲ್ಲ. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ ರಸ್ತೆಯನ್ನೇ ಹಿಡಿದರೆ ಮೇಲ್ಸೇತುವೆ, ಕೆಳಸೇತುವೆ, ಸಿಗ್ನಲ್ಲಿಲ್ಲದ ಎಡತಿರುವು ಎಲ್ಲವೂ ಎದುರಾಗುತ್ತವೆ. ಈ ದಿನಗಳಲ್ಲಿ ಬಸ್ಸು ಇಲ್ಲವಲ್ಲ, ರಸ್ತೆ ಖಾಲಿ ಇರುತ್ತದೆ ಎಂದು ಭಾವಿಸುವುದೂ ಸರಿಯಲ್ಲ, ಏಕೆಂದರೆ ಒಂದು ಬಸ್ಸಿನಲ್ಲಿ ಹೋಗುತ್ತಿದ್ದ ಐವತ್ತು ಅರವತ್ತು ಜನ ಈಗ ಬೈಕು, ಆಟೊ, ಕಾರುಗಳಲ್ಲಿ ಹಂಚಿಹೋಗಿದ್ದಾರೆ ಮತ್ತು ಬಸ್ಸು ನಿಲ್ಲುತ್ತಿದ್ದ ಎಡ ಅಂಚಿನಲ್ಲಿ ಈಗ ಬಾಡಿಗೆ ವಾಹನಗಳು ಸಾಲುಗಟ್ಟಿ ಕಾಯುತ್ತಿವೆ. ಸಾಧಾರಣ ಸೈಕಲ್ಲಿನಲ್ಲಿ, ಅವಸರವಿಲ್ಲದೆ ತುಳಿದರೆ ಗಂಟೆಗೆ 12ರಿಂದ 15 ಕಿಲೋಮೀಟರ್ ಸಾಗಬಹುದು. ಎಂಟು ಹತ್ತು ಕಿಲೋಮೀಟರಿನೊಳಗೆ ಕೆಲಸದ ಸ್ಥಳವಿರುವವರು ಧೈರ್ಯ ಮಾಡಬಹುದೆಂದು ನನ್ನ ಅನಿಸಿಕೆ. ಬೇರೆ ಬೇರೆ ದಿಕ್ಕಿನವರು ತಮ್ಮ ದಾರಿಗಳನ್ನು ಇಲ್ಲಿ ಬರೆದರೆ ಹಲವರಿಗೆ ಉಪಕಾರವಾಗುತ್ತದೆ.


ಮಲ್ಲೇಶ್ವರದ ಹಳೆಯ ಸವಾರ
8 ಏಪ್ರಿಲ್ 2021

ದಾರಿಯನ್ನು ಆರಿಸುವಾಗ ದೂರದ ಜೊತೆಗೆ ಏರುತಗ್ಗುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸೇರಿಸಲು ಬಯಸುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಊರಿನ ನಡುವೆ ಉತ್ತರ ದಕ್ಷಿಣವಾಗಿ ಒಂದು ದಿಬ್ಬದ ಬೆನ್ನು ಹಾದುಹೋಗಿದೆ, ಅದರ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಗೂ ಪೂರ್ವಕ್ಕೆ ಬಿದ್ದದ್ದು ಕೋರಮಂಗಲ ಮತ್ತು ಹೆಬ್ಬಾಳದ ಕಣಿವೆಗಳಿಗೂ ಹರಿಯುತ್ತದೆ ಎಂಬುದು ಸೈಕಲ್ ತುಳಿದವರ ಕಾಲಿಗೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಆದ್ದರಿಂದ ಮಲ್ಲೇಶ್ವರದಿಂದ ಅಲ್ಲಿಗೆ ಬೆಳಿಗ್ಗೆ ಹೋಗುವಾಗ ಸೈಕಲ್ ತಾನೇ ಉರುಳುತ್ತದೆ, ಸಂಜೆ ದಣಿದು ಮರಳುವಾಗ ಶೇಷಾದ್ರಿಪುರದ ಏರು ಎದುರಾಗುತ್ತದೆ. ಹೆಬ್ಬಾಳದಿಂದ ನಗರಕ್ಕೆ ಬರುವವರಿಗೆ ಇದು ತಿರುಗುಮುರುಗು: ಬೆಳಿಗ್ಗೆಯೇ ಮೇಖ್ರಿ ವೃತ್ತದವರೆಗೆ ಏರಬೇಕು.

ಗೇರ್ ಇಲ್ಲದ ಸೈಕಲ್ಲಿನಲ್ಲಿ ಈ ಏರುಗಳು ಅಸಾಧ್ಯವೇನಲ್ಲ. ಸೀಟು ತೀರಾ ಕೆಳಗಿದ್ದರೆ ಮಾತ್ರ ಮೊಣಕಾಲು ನೋಯುತ್ತದೆ. ಪೆಡಲ್ ಅತ್ಯಂತ ಕೆಳಗಿರುವಾಗ ಕಾಲು ಹೆಚ್ಚುಕಡಿಮೆ ನೇರವಾಗಿ ಚಾಚುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಳ್ಳಿ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಸೈಕಲ್ಲನ್ನು ಈಗ ಹೊರತೆಗೆದಿದ್ದರೆ, ಗಾಳಿ ಹೊಡೆಸಿದರಷ್ಟೇ ಸಾಲದು. ಬ್ರೇಕಿನ ರಬ್ಬರು ಕಲ್ಲಿನಂತೆ ಗಡುಸಾಗಿರುತ್ತದೆ, ಟೈರಿನ ಪಕ್ಕಗಳು ಬಿರಿದಿರುತ್ತವೆ. ಎರಡನ್ನೂ ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು, ಒಂದು ಸಂಜೆ ಬಡಾವಣೆಯಲ್ಲೇ ತುಳಿದು ನೋಡಿ ಆಮೇಲೆ ಕಚೇರಿಗೆ ಹೊರಡುವುದು ಕ್ಷೇಮ. ಇನ್ನೊಂದು ಎಚ್ಚರಿಕೆ: ಮಳೆನೀರಿನ ಚರಂಡಿಗೆ ಹಾಸಿದ ಕಬ್ಬಿಣದ ಜಾಲರಿಗಳ ಸರಳುಗಳು ಹಲವು ಕಡೆ ರಸ್ತೆಯ ಉದ್ದಕ್ಕೇ ಇವೆ. ಸಣ್ಣ ಟೈರಿನ ಚಕ್ರ ಅದರೊಳಗೆ ಸಿಕ್ಕಿದರೆ ಸವಾರ ಮುಂದಕ್ಕೆ ಬೀಳುತ್ತಾನೆ. ತೀರಾ ಅಂಚಿಗೆ ಸರಿಯದೆ, ಅಂಚಿನಿಂದ ಒಂದು ಮೀಟರ್ ಒಳಗೆ, ಹಿಂದಿನವರಿಗೆ ಸ್ಪಷ್ಟವಾಗಿ ಕಾಣುವಂತೆ ಸಾಗಬೇಕು.


ಲಗ್ಗೆರೆಯಿಂದ
9 ಏಪ್ರಿಲ್ 2021

ಇಬ್ಬರು ಹಿರಿಯರೂ ಉಪಯುಕ್ತ ವಿಷಯಗಳನ್ನು ಬರೆದಿದ್ದೀರಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ನಮ್ಮ ಕಡೆ, ಅಂದರೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಗಳಲ್ಲಿ, ಬೆಳಗಿನ ಪಾಳಿಗೆ ಸೈಕಲ್ ತುಳಿದುಕೊಂಡು ಹೋಗುವವರು ಮುಷ್ಕರವಿದ್ದರೂ ಇಲ್ಲದಿದ್ದರೂ ಹೋಗುತ್ತಲೇ ಇರುತ್ತಾರೆ. ಕ್ಯಾರಿಯರಿನಲ್ಲಿ ಊಟದ ಡಬ್ಬಿ, ಹ್ಯಾಂಡಲಿಗೆ ನೇತುಹಾಕಿದ ನೀರಿನ ಬಾಟಲಿ, ಮೈಮೇಲೆ ಕಾರ್ಖಾನೆಯ ಅಂಗಿ. ರಾತ್ರಿ ಕಾವಲಿನವರು, ಹಾಲು ಮತ್ತು ಪತ್ರಿಕೆ ಹಂಚುವವರು, ಗಾರೆ ಕೆಲಸದವರು ಕೂಡ ಇದೇ ಗುಂಪಿಗೆ ಸೇರಿದವರು. ನಗರದಲ್ಲಿ ಸೈಕಲ್ಲಿನ ಬಗ್ಗೆ ಯೋಚಿಸುವಾಗ ಮೊದಲು ಇವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ, ಏಕೆಂದರೆ ಹೊಸಬರು ಈ ವಾರ ಎದುರಿಸುತ್ತಿರುವ ಪ್ರತಿಯೊಂದು ತೊಡಕಿಗೂ ಇವರ ಬಳಿ ಉತ್ತರವಿದೆ.

ಉದಾಹರಣೆಗೆ, ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯದ ಕೂಡುರಸ್ತೆಯನ್ನು ನಾವು ಯಾರೂ ನೇರವಾಗಿ ದಾಟುವುದಿಲ್ಲ. ಲಾರಿಯ ಎಡಪಕ್ಕಕ್ಕೆ ನುಗ್ಗುವುದಿಲ್ಲ. ಚಾಲಕನಿಗೆ ಅಲ್ಲಿ ಏನೂ ಕಾಣುವುದಿಲ್ಲ, ಅವನು ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ನಮ್ಮ ಮೇಲೇ ಬರುತ್ತದೆ. ಸಿಗ್ನಲ್ಲಿನಲ್ಲಿ ಲಾರಿ ನಿಂತಿದ್ದರೆ ಅದರ ಹಿಂದೆಯೇ ನಿಂತು, ಅದು ಹೋದ ಮೇಲೆ ಹೊರಡುತ್ತೇವೆ. ಗುಂಪಾಗಿ ಹೋಗುವುದು ಇನ್ನೊಂದು ಅಭ್ಯಾಸ. ನಾಲ್ಕೈದು ಸೈಕಲ್ಲುಗಳು ಒಟ್ಟಿಗೆ ದಾಟಿದರೆ ವಾಹನಗಳು ನಿಲ್ಲುತ್ತವೆ, ಒಬ್ಬನೇ ದಾಟಿದರೆ ನಿಲ್ಲುವುದಿಲ್ಲ.

ಆದರೆ ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುತ್ತಿರುವುದು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸ್ಥಿತಿ. ಪೀಣ್ಯಕ್ಕೂ ಮೈಸೂರು ರಸ್ತೆಗೂ ಬೊಮ್ಮನಹಳ್ಳಿಗೂ ಬಸ್ಸನ್ನೇ ನಂಬಿ ಬರುವವರು ಅವರು. ಹಲವರಿಗೆ ಸೈಕಲ್ ಕಲಿಯುವ ಅವಕಾಶವೇ ಸಿಕ್ಕಿಲ್ಲ, ಕಲಿತಿದ್ದರೂ ಮನೆಯಲ್ಲಿ ಸೈಕಲ್ ಇಲ್ಲ, ಇದ್ದರೂ ಮನೆಯ ಅಡುಗೆ, ಮಕ್ಕಳ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅರ್ಧ ಗಂಟೆ ತುಳಿಯುವ ಸಮಯ ಉಳಿದಿರುವುದಿಲ್ಲ. ನಿನ್ನೆ ನಮ್ಮ ರಸ್ತೆಯಿಂದ ಹಲವರು ನಡೆದೇ ಹೋದರು. ತಡವಾದರೆ ಸಂಬಳ ಕಡಿತ. ಆದ್ದರಿಂದ ಸೈಕಲ್ ಇದ್ದರೆ ಮುಷ್ಕರದ ಚಿಂತೆಯಿಲ್ಲ ಎಂದು ದಯವಿಟ್ಟು ಯಾರೂ ಬರೆಯಬೇಡಿ.


ವಿಜಯನಗರದ ದಾದಿ
11 ಏಪ್ರಿಲ್ 2021

ಲಗ್ಗೆರೆಯ ಅಣ್ಣ ಬರೆದ ಕೊನೆಯ ಮಾತನ್ನು ಓದಿ ನಾನೂ ಬರೆಯಬೇಕೆನ್ನಿಸಿತು. ನಾನು ಚಾಮರಾಜಪೇಟೆಯ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಸಾಂಕ್ರಾಮಿಕ ಮತ್ತೆ ಏರುತ್ತಿರುವ ಈ ಹೊತ್ತಿನಲ್ಲಿ ಮನೆಯಿಂದಲೇ ಕೆಲಸ ಮಾಡಬಲ್ಲವರು ಮನೆಯಲ್ಲಿದ್ದಾರೆ, ಹಾಗೆ ಮಾಡಲಾಗದ ನಮ್ಮಂಥವರ ಮೇಲೆಯೇ ಬಸ್ಸಿಲ್ಲದ ಭಾರವೆಲ್ಲ ಬಿದ್ದಿದೆ. ತಮ್ಮನ ಸೈಕಲ್ಲನ್ನು ತೆಗೆದುಕೊಂಡು ಬಿನ್ನಿಪೇಟೆಯ ಮೂಲಕ ಹೋಗಿ ಬರುತ್ತಿದ್ದೇನೆ.

ಹೆಣ್ಣುಮಕ್ಕಳಿಗೆ ಕೆಲವು ಮಾತುಗಳು. ದುಪ್ಪಟ್ಟಾವನ್ನು ಭುಜದ ಮೇಲೆ ಇಳಿಬಿಡದೆ ಸೊಂಟಕ್ಕೆ ಬಿಗಿದು ಕಟ್ಟಿ ಅಥವಾ ಚೀಲದಲ್ಲಿಡಿ. ಹಿಂದಿನ ಚಕ್ರಕ್ಕೋ ಚೈನಿಗೋ ಸುತ್ತಿಕೊಂಡರೆ ಕುತ್ತಿಗೆಗೇ ಅಪಾಯ. ಸಲ್ವಾರಿನ ಬಲಗಾಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಸಮವಸ್ತ್ರವನ್ನು ಆಸ್ಪತ್ರೆಯಲ್ಲಿ ಬದಲಾಯಿಸುತ್ತೇನಾದ್ದರಿಂದ ಬೆವರಿನ ಚಿಂತೆ ನನಗಿಲ್ಲ, ಆದರೆ ಅಂಗಡಿ, ಕಚೇರಿಗಳಲ್ಲಿ ಕೆಲಸ ಮಾಡುವ ನನ್ನ ಗೆಳತಿಯರಿಗೆ ಮುಖ ತೊಳೆದು ಬಟ್ಟೆ ಬದಲಾಯಿಸಲು ಒಂದು ಕೋಣೆಯೂ ಇಲ್ಲ. ಏಪ್ರಿಲ್ಲಿನ ಬಿಸಿಲಿನಲ್ಲಿ ಮಾಸ್ಕ್ ಹಾಕಿಕೊಂಡು ಏರು ತುಳಿಯುವಾಗ ಉಸಿರು ಕಟ್ಟುತ್ತದೆ. ಅಂಥ ಕಡೆ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ನನ್ನ ನಿಜವಾದ ಸಮಸ್ಯೆ ಸಮಯದ್ದು. ನಿನ್ನೆಯಿಂದ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಇದೆ. ಆಸ್ಪತ್ರೆಯ ಗುರುತಿನ ಚೀಟಿ ತೋರಿಸಿದರೆ ಪೊಲೀಸರು ಬಿಡುತ್ತಾರೆ, ಅವರ ಬಗ್ಗೆ ದೂರಿಲ್ಲ. ಆದರೆ ಅಂಗಡಿಗಳೆಲ್ಲ ಮುಚ್ಚಿ, ಜನಸಂಚಾರ ನಿಂತ ರಸ್ತೆಯಲ್ಲಿ ಒಬ್ಬಳೇ ಸೈಕಲ್ ತುಳಿದು ಬರುವುದು ಹಗಲಿನಷ್ಟು ಸುಲಭವಲ್ಲ. ಬಸ್ಸಿನಲ್ಲಾದರೆ ನಿರ್ವಾಹಕರಿರುತ್ತಿದ್ದರು, ಹತ್ತು ಜನರಿರುತ್ತಿದ್ದರು. ಸಂಜೆ ಪಾಳಿ ಬಿದ್ದ ದಿನ ಸಹೋದ್ಯೋಗಿಯೊಬ್ಬರ ಜೊತೆಗೆ ಹೊರಡುವಂತೆ ಹೊಂದಿಸಿಕೊಂಡಿದ್ದೇನೆ.


ನಿರ್ವಾಹಕರ ಮನೆಯಿಂದ
12 ಏಪ್ರಿಲ್ 2021

ನಮ್ಮ ಮನೆಯಲ್ಲಿ ಒಬ್ಬರು ನಿರ್ವಾಹಕರಿದ್ದಾರೆ. ಇಲ್ಲಿ ಯಾರೂ ಮುಷ್ಕರ ಹೂಡಿದವರನ್ನು ಬೈದಿಲ್ಲ, ಅದಕ್ಕೆ ಕೃತಜ್ಞತೆ. ವಿಷಯವನ್ನು ತಿಳಿಯದವರಿಗಾಗಿ ಹೇಳುತ್ತೇನೆ: ಕಳೆದ ಡಿಸೆಂಬರಿನಲ್ಲಿಯೂ ಬಸ್ಸುಗಳು ನಿಂತಿದ್ದವು, ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬುದು ಆಗಿನ ಮುಖ್ಯ ಬೇಡಿಕೆಯಾಗಿತ್ತು. ಸರ್ಕಾರ ಕೆಲವು ಬೇಡಿಕೆಗಳಿಗೆ ಒಪ್ಪಿದ ಮೇಲೆ ಅದು ಮುಗಿಯಿತು. ಈಗ ವೇತನ ಆಯೋಗದ ಪ್ರಕಾರ ಸಂಬಳ ಬೇಕೆನ್ನುವವರಿಗೆ ಶೇಕಡ 8ರ ಮಧ್ಯಂತರ ಹೆಚ್ಚಳದ ಮಾತು ಬಂದಿದೆ, ನೌಕರರು ಅದನ್ನು ಒಪ್ಪಿಲ್ಲ. ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ನಿಷೇಧಿಸುವ ಎಸ್ಮಾ ಕಾಯ್ದೆಯ ಹೆಸರು ಕೇಳಿಬರುತ್ತಿದೆ, ತರಬೇತಿಯಲ್ಲಿರುವವರನ್ನು ಕೆಲಸದಿಂದ ತೆಗೆಯಲಾಗುತ್ತಿದೆ. ಇಂದು ನೌಕರರ ಕುಟುಂಬದವರು ತಟ್ಟೆ ಲೋಟ ಬಡಿದು ಪ್ರತಿಭಟಿಸಿದ್ದಾರೆ. ನಾಳೆ ಯುಗಾದಿ.

ಸೈಕಲ್ ತುಳಿಯುವವರ ಬಗ್ಗೆ ನಮಗೆ ಗೌರವವಿದೆ. ಒಂದೇ ಆತಂಕ. ಜನ ಹೇಗೋ ಹೊಂದಿಕೊಂಡರು, ಬಸ್ಸಿಲ್ಲದೆಯೂ ನಗರ ನಡೆಯಿತು ಎಂದು ನಾಳೆ ಯಾರಾದರೂ ನಿಮ್ಮನ್ನು ತೋರಿಸಿ ಹೇಳಿದರೆ, ಬೇಡಿಕೆಗಳಿಗೂ ಪೆಟ್ಟು, ಹೊಸ ಬಸ್ಸುಗಳನ್ನು ಕೊಳ್ಳುವ ಮಾತಿಗೂ ಪೆಟ್ಟು.


ಜಯನಗರದ ಗುಮಾಸ್ತ
12 ಏಪ್ರಿಲ್ 2021

ತಮ್ಮ ಆತಂಕ ನ್ಯಾಯವಾದದ್ದು. ನಾನು ಸೈಕಲ್ಲನ್ನು ಬಸ್ಸಿಗೆ ಬದಲಿಯೆಂದು ಎಣಿಸುವುದಿಲ್ಲ. ಬಸ್ಸು ಚೆನ್ನಾಗಿ ಓಡುವ ಊರಿನಲ್ಲೇ ಸೈಕಲ್ಲಿಗೂ ಜಾಗ ಉಳಿಯುತ್ತದೆ. ಬಸ್ಸು ನಿಂತ ಈ ವಾರದಲ್ಲಿ ಖಾಸಗಿ ವಾಹನಗಳು ಹೆಚ್ಚಿ, ನನ್ನ ದಾರಿಯೇ ಹಿಂದಿಗಿಂತ ಕಷ್ಟವಾಗಿದೆ. ಮುಷ್ಕರ ಬೇಗ ಇತ್ಯರ್ಥವಾಗಿ ನಿಮ್ಮ ಮನೆಯವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬುದೇ ನನ್ನ ಹಾರೈಕೆ.

ಈ ದಿನಗಳಲ್ಲಿ ಕಲಿತದ್ದನ್ನು ಬರೆದಿಟ್ಟುಕೊಳ್ಳಬೇಕೆಂಬುದು ಮಾತ್ರ ನನ್ನ ಒತ್ತಾಯ. ಯಾವ ಕೂಡುರಸ್ತೆಯಲ್ಲಿ ದಾಟಲಾಗುವುದಿಲ್ಲ, ಯಾವ ಕಚೇರಿಯಲ್ಲಿ ಸೈಕಲ್ ನಿಲ್ಲಿಸಲು ಬಿಡುವುದಿಲ್ಲ, ಎಲ್ಲಿ ಬೀದಿದೀಪವಿಲ್ಲ ಎಂಬುದೆಲ್ಲ ಈಗ ನೂರಾರು ಜನರ ಅನುಭವಕ್ಕೆ ಬಂದಿದೆ. ಬಸ್ಸು ಮತ್ತೆ ಓಡತೊಡಗಿದ ಮರುದಿನವೇ ಅದು ಮರೆತುಹೋಗುತ್ತದೆ.


ಬೆಳ್ಳಂದೂರಿನಿಂದ
14 ಏಪ್ರಿಲ್ 2021

ಹೊರವರ್ತುಲ ರಸ್ತೆಯ ಬಗ್ಗೆ ಯಾರೂ ಬರೆದಿಲ್ಲ. 2019ರಲ್ಲಿ ಈ ರಸ್ತೆಯಲ್ಲಿ ಬಸ್ಸಿಗೆ ಆದ್ಯತೆಯ ಪಥ ಬಂತು, 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಿಂದ ಸೈಕಲ್ಲಿಗೂ ತಾತ್ಕಾಲಿಕ ಪಥವನ್ನು ಗುರುತಿಸಲಾಯಿತು. ಅದರಲ್ಲಿ ತುಳಿಯುವಾಗ ನೆಮ್ಮದಿಯಿರುತ್ತದೆ, ಅದು ಮುಗಿದ ಕೂಡಲೇ ಆ ನೆಮ್ಮದಿಯೂ ಮುಗಿಯುತ್ತದೆ. ಮೇಲ್ಸೇತುವೆಗೆ ಏರುವ ವಾಹನಗಳು ಎಡದಿಂದ ಬಲಕ್ಕೂ, ಪಕ್ಕದ ಸೇವಾ ರಸ್ತೆಗೆ ಇಳಿಯುವವು ಬಲದಿಂದ ಎಡಕ್ಕೂ ವೇಗವಾಗಿ ಅಡ್ಡಹಾಯುವ ಜಾಗಗಳಲ್ಲಿ ಬಣ್ಣದ ಗೆರೆಯಾಗಲಿ ಪ್ಲಾಸ್ಟಿಕ್ ಕಂಬವಾಗಲಿ ಯಾರನ್ನೂ ಕಾಯುವುದಿಲ್ಲ. ಅಂಥ ಕಡೆ ಸೇವಾ ರಸ್ತೆಯನ್ನೇ ಹಿಡಿಯಿರಿ, ಮೇಲ್ಸೇತುವೆಯನ್ನು ಏರಲೇಬೇಡಿ.

ಜಯನಗರದ ಸೈಕಲ್ ಪಥಗಳಿಗೆ ಏನಾಯಿತೆಂದು ಮೊದಲು ಬರೆದವರಿಗೆ ಗೊತ್ತೇ ಇರುತ್ತದೆ: ಪಥಗಳ ಮೇಲೆ ಕಾರುಗಳು ನಿಂತಿವೆ.


ಮೈಸೂರಿನಿಂದ
15 ಏಪ್ರಿಲ್ 2021

ಇಲ್ಲಿಯೂ ನಗರ ಬಸ್ಸುಗಳಿಗೆ ಮುಷ್ಕರದ ಬಿಸಿ ತಟ್ಟಿದೆ. 2017ರಿಂದ ಇರುವ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ಲುಗಳು ಈ ಊರಿನ ಸಣ್ಣ ದೂರಗಳಿಗೆ ಸರಿಹೊಂದುತ್ತವೆ. ಆದರೆ ಹೆಬ್ಬಾಳು, ಮೇಟಗಳ್ಳಿಯ ಕೈಗಾರಿಕಾ ಪ್ರದೇಶಗಳಿಗೆ ಹೋಗುವವರು ಸ್ವಂತ ಸೈಕಲ್ಲನ್ನೇ ನೆಚ್ಚಬೇಕು.


ಕೆಂಗೇರಿಯ ಶಿಕ್ಷಕಿ
6 ಆಗಸ್ಟ್ 2025

ನಾಲ್ಕು ವರ್ಷಗಳ ನಂತರ ಇದನ್ನು ಹುಡುಕಿ ಓದಿದೆ, ಏಕೆಂದರೆ ನಿನ್ನೆ ಮತ್ತೆ ಮುಷ್ಕರ. 38 ತಿಂಗಳ ಹಿಂಬಾಕಿ ಮತ್ತು 2024ರ ಜನವರಿಯಿಂದ ವೇತನ ಪರಿಷ್ಕರಣೆ ಎಂಬ ಬೇಡಿಕೆಗಳೊಡನೆ ಆರಂಭವಾದದ್ದು, ಹೈಕೋರ್ಟಿನ ಆದೇಶದ ನಂತರ ಒಂದೇ ದಿನದಲ್ಲಿ ಸ್ಥಗಿತವಾಯಿತು. 2021ರಲ್ಲಿ ಅದು ಏಪ್ರಿಲ್ 21ರವರೆಗೆ ಎರಡು ವಾರ ನಡೆದಿತ್ತು. ಈ ಬಾರಿ ಬೆಂಗಳೂರಿನಲ್ಲಿ ನಗರ ಬಸ್ಸುಗಳು ಅಷ್ಟಿಷ್ಟು ಓಡಿದವು, ಮೆಟ್ರೊ ಕೂಡ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಬೆಳೆದಿದೆ.

ಆದರೂ ಒಂದು ಹೊಸ ಸಂಗತಿಯನ್ನು ದಾಖಲಿಸಬೇಕು. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ನಿಂತರೆ ಮಹಿಳೆಯರು ಕಳೆದುಕೊಳ್ಳುವುದು ಮೊದಲಿಗಿಂತ ಹೆಚ್ಚು. ಏನೂ ಖರ್ಚಿಲ್ಲದೆ ಪ್ರಯಾಣಿಸುತ್ತಿದ್ದವರು ಒಮ್ಮೆಲೇ ಆಟೊ ಬಾಡಿಗೆಯನ್ನೋ, ಫೆಬ್ರುವರಿಯಲ್ಲಿ ಏರಿದ ಮೆಟ್ರೊ ದರವನ್ನೋ ತೆರಬೇಕು. ನಮ್ಮ ಶಾಲೆಯ ಆಯಾ ಒಬ್ಬರು ನಿನ್ನೆ ರಜೆ ಹಾಕಿದರು, ಬಾಡಿಗೆಗೆ ಕೊಡುವ ಹಣ ಆ ದಿನದ ಕೂಲಿಗೆ ಸಮವಾಗುತ್ತಿತ್ತು. ಲಗ್ಗೆರೆಯವರು ಅಂದು ಬರೆದ ಮಾತು ಇಂದು ಇನ್ನೂ ನಿಜ. ಹೈಸ್ಕೂಲು ಹೆಣ್ಣುಮಕ್ಕಳಿಗೆ ರಾಜ್ಯ ಸರ್ಕಾರ ಉಚಿತವಾಗಿ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ಹಳ್ಳಿಗಳ ಹುಡುಗಿಯರು ಗುಂಪುಗುಂಪಾಗಿ ತುಳಿದು ಶಾಲೆಗೆ ಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರಲ್ಲೇ ಎಷ್ಟೋ ಮಂದಿ ಇಂದು ಈ ನಗರದ ಕಾರ್ಖಾನೆಗಳಲ್ಲಿದ್ದಾರೆ. ತುಳಿಯಲು ಬರುತ್ತದೆ, ತುಳಿಯುವ ರಸ್ತೆ ಇಲ್ಲ.


ಲಂಡನ್ನಿನ ಕನ್ನಡಿಗ
12 ಸೆಪ್ಟೆಂಬರ್ 2025

ಈ ವಾರ ಇಲ್ಲಿಯೂ ಸುರಂಗ ರೈಲಿನ ನೌಕರರು ಕೆಲಸ ನಿಲ್ಲಿಸಿದ್ದರು, ಸೋಮವಾರದಿಂದ ಗುರುವಾರದವರೆಗೆ ರೈಲುಗಳು ಬಹುತೇಕ ಇರಲಿಲ್ಲ. ಬಾಡಿಗೆ ಸೈಕಲ್ಲುಗಳು ಬೆಳಿಗ್ಗೆಯೇ ಮುಗಿದುಹೋಗುತ್ತಿದ್ದವು, ಸೇತುವೆಗಳ ಮೇಲೆ ಸೈಕಲ್ಲುಗಳ ಸಾಲು ಸಿಗ್ನಲ್ಲಿನ ಒಂದು ಸರದಿಯಲ್ಲಿ ಖಾಲಿಯಾಗುತ್ತಿರಲಿಲ್ಲ.

ಮೊದಲು ಬರೆದವರು ಕಲಿತದ್ದು ಮರೆತುಹೋಗುತ್ತದೆ ಎಂದಿದ್ದಾರೆ. ಅದಕ್ಕೆ ಸಂಬಂಧಿಸಿದ ಒಂದು ಸಂಗತಿ. 2014ರ ಫೆಬ್ರುವರಿಯಲ್ಲಿ ಇಲ್ಲಿ 48 ಗಂಟೆಗಳ ರೈಲು ಮುಷ್ಕರವಾದಾಗ ಪ್ರಯಾಣದ ಕಾರ್ಡುಗಳ ದಾಖಲೆಯನ್ನು ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿದ್ದರು. ಅನಿವಾರ್ಯವಾಗಿ ಬೇರೆ ದಾರಿ ಹಿಡಿದವರಲ್ಲಿ ಸುಮಾರು ಶೇಕಡ 5ರಷ್ಟು ಜನ ಮುಷ್ಕರ ಮುಗಿದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ. ಅದು ಸೈಕಲ್ಲಿನ ಲೆಕ್ಕವಲ್ಲ, ರೈಲು ಪ್ರಯಾಣಿಕರ ದಾರಿಯ ಲೆಕ್ಕ. ಆದರೂ ದಿನನಿತ್ಯದ ದಾರಿಯೇ ಉತ್ತಮವೆಂದು ನಂಬಿದವರಲ್ಲಿ ಕೆಲವರಾದರೂ ಅದನ್ನು ಎಂದೂ ಪರೀಕ್ಷಿಸಿ ನೋಡಿರಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಇಲ್ಲಿ ಹಾಗೆ ಪರೀಕ್ಷಿಸಿದವರು ಮುಂದುವರಿಸಲು ಮುಖ್ಯ ಕಾರಣ, ದಟ್ಟಣೆಯ ರಸ್ತೆಗಳಲ್ಲಿ ಕಲ್ಲಿನ ಅಂಚು ಕಟ್ಟಿ ಬೇರ್ಪಡಿಸಿದ ಪಥಗಳು.


ಬೆಳ್ಳಂದೂರಿನಿಂದ
13 ಸೆಪ್ಟೆಂಬರ್ 2025

2021ರಲ್ಲಿ ನಾನು ಬರೆದಿದ್ದ ಹೊರವರ್ತುಲ ರಸ್ತೆಯ ತಾತ್ಕಾಲಿಕ ಪಥ ಮೆಟ್ರೊ ಕಾಮಗಾರಿಯಲ್ಲಿ ಅಳಿಸಿಹೋಗಿದೆ. ಕಾಮಗಾರಿ ಮುಗಿದು ರಸ್ತೆಯನ್ನು ಮರಳಿ ಕಟ್ಟುವಾಗ ಅದನ್ನು ಕಲ್ಲಿನ ಅಂಚಿನೊಡನೆ ಕಟ್ಟಿಕೊಡಬೇಕೆಂದು ಕೇಳಲು ಇದೇ ಸರಿಯಾದ ಕಾಲ. ಡಾಂಬರು ಹಾಕಿದ ಮೇಲೆ ಕೇಳಿದರೆ ಯಾರೂ ಅಗೆಯುವುದಿಲ್ಲ. ಕೂಡುರಸ್ತೆಗಳ ಪಟ್ಟಿಯೊಂದನ್ನು ಮಾಡಿ ನಿರ್ದೇಶನಾಲಯಕ್ಕೂ ಸಂಚಾರ ಪೊಲೀಸರಿಗೂ ಕೊಡೋಣ. ಗೊರಗುಂಟೆಪಾಳ್ಯ, ಮೇಖ್ರಿ ವೃತ್ತ, ಹೊಸೂರು ರಸ್ತೆಯ ದಾಟು ಇವು ಈಗಾಗಲೇ ಇಲ್ಲಿ ಬಂದಿವೆ. ಸಿಲ್ಕ್ ಬೋರ್ಡ್ ಮತ್ತು ಇಬ್ಬಲೂರನ್ನು ನಾನು ಸೇರಿಸುತ್ತೇನೆ. ಉಳಿದವರು ತಮ್ಮ ಕಡೆಯದನ್ನು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ದಾಟಲು ಆಗುವುದಿಲ್ಲ ಎಂಬ ವಿವರದೊಡನೆ ತಿಳಿಸಿ.


ಲಗ್ಗೆರೆಯಿಂದ
13 ಸೆಪ್ಟೆಂಬರ್ 2025

ಸುಮನಹಳ್ಳಿಯನ್ನು ಸೇರಿಸಿ, ಸರ್. ಮಾಗಡಿ ರಸ್ತೆಯಿಂದ ಬಂದು ವರ್ತುಲ ರಸ್ತೆಯಲ್ಲಿ ಲಗ್ಗೆರೆಯ ಕಡೆಗೆ ತಿರುಗುವವರಿಗೆ, ಸೇತುವೆಯ ಕೆಳಗೆ, ಬೆಳಗಿನ ಪಾಳಿಯ ಹೊತ್ತಿನಲ್ಲಿ. ಪಾಳಿ ಮುಗಿದ ಮೇಲೆ ಗೆಳೆಯರನ್ನು ಕೇಳಿ ಇನ್ನಷ್ಟು ಬರೆಯುತ್ತೇನೆ.